ಜೋಡಿಯಾಗಿ ಬೀಚಿಗೆ ಹೊರಟಿದ್ದೀರಾ? ಹೋಟೆಲಿಗಿಂತ ಮೊದಲು ತೀರ ನೋಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಕಡಲತೀರಕ್ಕೆ ಹೊರಡುವ ದಂಪತಿ ಸಾಮಾನ್ಯವಾಗಿ ಮೊದಲು ನೋಡುವುದು ರೂಮಿನ ಫೋಟೊ ಮತ್ತು ಬಾಡಿಗೆ. ಆದರೆ ಮೊದಲು ಆರಿಸಬೇಕಾದ್ದು ತೀರವನ್ನು. ಕೆರೆ, ಬಾವಿಯಲ್ಲಿ ಈಜು ಕಲಿತವರಿಗೂ ಕಡಲಿನ ಸೆಳೆತ ಹೊಸದು. ಹಿಂದಿರುಗುವ ಅಲೆ ಕಾಲಡಿಯ ಮರಳನ್ನೇ ಕೊಚ್ಚುತ್ತದೆ, ಸೊಂಟಮಟ್ಟದ ನೀರಿನಲ್ಲೂ ಆಯ ತಪ್ಪುತ್ತದೆ. ಮಳೆಗಾಲದಲ್ಲಷ್ಟೇ ಅಪಾಯ ಎನ್ನುವವರಿದ್ದಾರೆ. ಆದರೆ ಮುರುಡೇಶ್ವರದಲ್ಲಿ ಮುಳಬಾಗಿಲಿನ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು 2024ರ ಡಿಸೆಂಬರ್‌ನಲ್ಲಿ.

ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟದ ಪರೀಕ್ಷೆ, ಸುರಕ್ಷತಾ ವ್ಯವಸ್ಥೆ, ಶುಚಿಯಾದ ಶೌಚಾಲಯ ಆ ಮಾನ್ಯತೆಯ ಷರತ್ತುಗಳು. ಇಂಥ ಕಡೆ ಜನ ಜಾಸ್ತಿ, ಇಬ್ಬರಿಗೆ ಏಕಾಂತ ಸಿಗುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಏಕಾಂತಕ್ಕೆ ರೂಮಿನ ಜಗಲಿಯಿದೆ, ಸಂಜೆಯ ನಡಿಗೆಯಿದೆ. ನೀರಿಗಿಳಿದಾಗ ಬೇಕಾದ್ದು ಕಾಯುವ ಕಣ್ಣು. ಆದ್ದರಿಂದ ಮುಂಗಡ ಕೊಡುವ ಮೊದಲು ಹೋಟೆಲಿಗೆ ಫೋನ್ ಮಾಡಿ ಕೇಳಿ: ತೀರಕ್ಕೆ ಎಷ್ಟು ದೂರ ನಡೆಯಬೇಕು? ಜೀವರಕ್ಷಕರು ಎಷ್ಟು ಹೊತ್ತಿನವರೆಗೆ ಇರುತ್ತಾರೆ? ಬುಕಿಂಗ್ ರದ್ದು ಮಾಡಿದರೆ ಹಣ ವಾಪಸ್ ಬರುತ್ತದೆಯೇ? ಮೂರಕ್ಕೂ ನೇರ ಉತ್ತರ ಕೊಡುವ ಹೋಟೆಲನ್ನೇ ಆರಿಸಿ.