ಸಂಜೆಗೆ ಮನೆ ಸೇರುವ ದಾರಿ
ಕೊಟ್ಟೂರಿನ ಓಣಿಯ ಬದುಕು ಮತ್ತು ಸಂಚಾರ ಸೌಕರ್ಯ

ಮನೆ ಕಟ್ಟುವಾಗಲಾಗಲಿ, ಮಗಳನ್ನು ಕೊಡುವ ಊರನ್ನು ನೋಡುವಾಗಲಾಗಲಿ ನಮ್ಮ ಹಿರಿಯರು ಮೊದಲು ವಿಚಾರಿಸುತ್ತಿದ್ದುದು ಮೂರು ಸಂಗತಿಗಳನ್ನು. ನೀರು ಹೇಗಿದೆ, ನೆರೆಹೊರೆ ಎಂಥದು, ಗುಡಿ ಮಠಗಳು ಎಷ್ಟು ದೂರ. ಕಾಲ ಬದಲಾದಂತೆ ಈ ಪಟ್ಟಿಗೆ ನಾಲ್ಕನೆಯದೊಂದು ಸೇರಿಕೊಂಡಿದೆ: ಬಸ್ಸು, ರೈಲುಗಳ ಅನುಕೂಲ ಉಂಟೇ? ಈ ಪ್ರಶ್ನೆ ಸರಿಯಾದುದೇ. ಆದರೆ ಅದನ್ನು ಅರ್ಧಕ್ಕೇ ನಿಲ್ಲಿಸುವವರು ಹೆಚ್ಚು. ಊರಿನಿಂದ ಹೊರಡಲು ವಾಹನವಿದೆಯೇ ಎಂದು ಕೇಳುತ್ತೇವೆ. ಹೋದವರು ಸಂಜೆಗೆ ಮನೆ ಸೇರಲು ವಾಹನವಿದೆಯೇ ಎಂದು ಕೇಳುವುದಿಲ್ಲ. ಸಣ್ಣ ಪಟ್ಟಣದ ಸಂಸಾರಗಳ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದೆಂಬುದಕ್ಕೆ ವಿಜಯನಗರ ಜಿಲ್ಲೆಯ ಕೊಟ್ಟೂರು ಉತ್ತಮ ನಿದರ್ಶನ.

ನಡೆದು ಮುಗಿಯುವ ಊರು

ಶ್ರೀ ಗುರು ಕೊಟ್ಟೂರೇಶ್ವರರ ಸನ್ನಿಧಿಯಿಂದ ನಾಡಿನಾದ್ಯಂತ ಹೆಸರಾದ ಈ ಪಟ್ಟಣದ ಹಳೆಯ ಓಣಿಗಳು ಹಿರೇಮಠ, ಗಚ್ಚಿನಮಠ, ತೊಟ್ಟಿಲುಮಠಗಳ ಆಸುಪಾಸಿನಲ್ಲಿ ಬೆಳೆದವು. ಗೋಡೆಗೆ ಗೋಡೆ ತಾಗಿದ ಮನೆಗಳು, ಮುಂದೆ ಕಟ್ಟೆ, ಕೂಗಳತೆಯಲ್ಲಿ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ. ಶಾಲೆ, ದವಾಖಾನೆ, ಬ್ಯಾಂಕು, ಬಸ್ ನಿಲ್ದಾಣ, ರೈಲು ನಿಲ್ದಾಣ ಯಾವುದಕ್ಕೂ ವಾಹನ ಹೂಡಲೇಬೇಕೆಂಬ ಅಗತ್ಯವಿಲ್ಲ. ಪ್ಯಾರಿಸ್ ಮಹಾನಗರದಲ್ಲಿ 2020ರ ಹೊತ್ತಿಗೆ ‘ಹದಿನೈದು ನಿಮಿಷದ ನಗರ’ ಎಂಬ ಯೋಜನೆ ಬಹಳ ಚರ್ಚೆಗೆ ಬಂದಿತು. ನಿತ್ಯದ ಅಗತ್ಯಗಳೆಲ್ಲ ಕಾಲು ಗಂಟೆಯ ನಡಿಗೆಯಲ್ಲಿಯೋ ಸೈಕಲ್ಲಿನಲ್ಲಿಯೋ ದೊರೆಯಬೇಕೆಂಬುದು ಅದರ ತಿರುಳು. ಮಹಾನಗರಗಳು ಕೋಟಿಗಟ್ಟಲೆ ಹಣ ಸುರಿದು ಪಡೆಯಬಯಸುವ ಈ ಭಾಗ್ಯ ನಮ್ಮ ಓಣಿಗಳಿಗೆ ಹುಟ್ಟಿನಿಂದಲೇ ಬಂದಿದೆ.

ನಡಿಗೆಯೆಂದರೆ ಕೊಟ್ಟೂರಿಗೆ ಮತ್ತೊಂದು ಅರ್ಥವೂ ಉಂಟು. ರಥೋತ್ಸವದ ದಿನಗಳಲ್ಲಿ ದಾವಣಗೆರೆ ಮೊದಲಾದ ಕಡೆಗಳಿಂದ ಸಹಸ್ರಾರು ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಗ್ರಾಮಸ್ಥರು ಅನ್ನ, ನೀರು, ಮಜ್ಜಿಗೆ ನೀಡಿ ಉಪಚರಿಸುತ್ತಾರೆ. ದಾರಿಯೆಂಬುದು ಊರನ್ನು ಊರಿಗೆ ಜೋಡಿಸುವುದಷ್ಟೇ ಅಲ್ಲ, ಮನೆಯನ್ನು ಮನೆಗೆ ಜೋಡಿಸುತ್ತದೆ ಎಂಬುದು ಈ ದಾಸೋಹದಲ್ಲಿ ಕಣ್ಣಿಗೆ ಕಾಣುತ್ತದೆ.

ಹಳಿಯ ಕಥೆ

ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ರೈಲುಮಾರ್ಗ ಬಂದುದು 1905ರಲ್ಲಿ. ಸುಮಾರು 70 ಕಿಲೋಮೀಟರಿನ ಆ ಹಳಿ ಕೊಟ್ಟೂರಿಗೆ ಬಂದು ನಿಲ್ಲುತ್ತಿತ್ತು, ಮುಂದೆ ದಾರಿಯಿರಲಿಲ್ಲ. ಶತಮಾನದುದ್ದಕ್ಕೂ ಈ ಊರು ರೈಲಿನ ಕೊನೆಯ ನಿಲ್ದಾಣವಾಗಿಯೇ ಉಳಿಯಿತು. ಅನಂತರ ಗೇಜ್ ಪರಿವರ್ತನೆಯ ಕಾರಣದಿಂದ ಪ್ರಯಾಣಿಕರ ಗಾಡಿ ನಿಂತಿತು. ಹಳಿ ಅಗಲವಾಯಿತು, ಹರಪನಹಳ್ಳಿ, ತೆಲಗಿಗಳ ಮೂಲಕ ಹರಿಹರದ ಕಡೆಗೆ ಸುಮಾರು 65 ಕಿಲೋಮೀಟರಿನ ಹೊಸ ಮಾರ್ಗವೂ ಸಿದ್ಧವಾಯಿತು. ಆದರೂ ಜನರನ್ನು ಹೊತ್ತೊಯ್ಯುವ ಗಾಡಿ ಮಾತ್ರ ಬರಲಿಲ್ಲ. ಮನವಿ, ಹೋರಾಟಗಳು ವರ್ಷಾನುಗಟ್ಟಲೆ ನಡೆದ ಮೇಲೆ 2019ರ ಅಕ್ಟೋಬರಿನಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಗಾಡಿ ಆರಂಭವಾಯಿತು. ಆರು ತಿಂಗಳು ತುಂಬುವುದರೊಳಗೆ, 2020ರ ಮಾರ್ಚಿನಲ್ಲಿ, ಮಹಾಮಾರಿಯ ನಿಮಿತ್ತ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತವು.

ಈ ವೃತ್ತಾಂತದಿಂದ ತಿಳಿಯಬೇಕಾದುದೊಂದುಂಟು. ಹಳಿ ಇದ್ದ ಮಾತ್ರಕ್ಕೆ ಸಂಪರ್ಕವಿದೆಯೆಂದು ಭಾವಿಸಲಾಗದು. ಗಾಡಿ ಬರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು, ಮರಳಿಯೂ ಬರಬೇಕು. ಇಂದು ಕೊಟ್ಟೂರು ರೈಲಿನ ಕೊನೆಯ ನಿಲ್ದಾಣವಲ್ಲ. ಒಂದು ತುದಿಯಲ್ಲಿ ಹೊಸಪೇಟೆಯೂ ಮತ್ತೊಂದು ತುದಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಹರಿಹರವೂ ಇರುವ ನಡುವಣ ಊರು ಅದು. ನಡುವೆ ಇರುವವನಿಗೆ ಎರಡು ಬಾಗಿಲು; ಆದರೆ ಬಾಗಿಲುಗಳು ತೆರೆಯುವ ವೇಳೆಯನ್ನು ಗೊತ್ತುಮಾಡುವುದು ವೇಳಾಪಟ್ಟಿ.

ಕಚೇರಿ ಹತ್ತಿರ ಬಂದಿತು

ಸರ್ಕಾರಿ ಕೆಲಸಗಳ ವಿಷಯದಲ್ಲಿ ಈ ಸೀಮೆಯ ಜನ ಪಟ್ಟ ಬವಣೆ ಸಾಮಾನ್ಯವಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ಕೊಟ್ಟೂರಿನವರು ತಾಲ್ಲೂಕು ಕಚೇರಿಗೆ ಕೂಡ್ಲಿಗಿಗೂ ಜಿಲ್ಲಾ ಕಚೇರಿಗೆ ದೂರದ ಬಳ್ಳಾರಿಗೂ ಅಲೆಯಬೇಕಿತ್ತು. ಒಂದು ಸಹಿಗಾಗಿ ಒಂದು ದಿನದ ಕೂಲಿಯನ್ನೇ ಬಿಟ್ಟುಕೊಡಬೇಕಾದ ಕಾಲವದು. 2018ರಲ್ಲಿ ಕೊಟ್ಟೂರು ತಾಲ್ಲೂಕು ಕೇಂದ್ರವಾಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ರಚನೆಯಾಯಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರುಗಳೆಲ್ಲ ಅದರ ತೆಕ್ಕೆಗೆ ಬಂದವು. ರಸ್ತೆಯನ್ನು ಚುರುಕುಗೊಳಿಸುವುದು ಒಂದು ಬಗೆಯ ಅನುಕೂಲವಾದರೆ, ಕಚೇರಿಯನ್ನೇ ಹತ್ತಿರ ತರುವುದು ಅದಕ್ಕಿಂತ ಮೇಲಾದ ಅನುಕೂಲ.

ಹೆದ್ದಾರಿಯ ಪಕ್ಕದ ಊರುಗಳು

ಕೂಡ್ಲಿಗಿ ಹಾಗೂ ಅದೇ ತಾಲ್ಲೂಕಿನ ಕಾನಾಹೊಸಹಳ್ಳಿಗಳು ರಾಷ್ಟ್ರೀಯ ಹೆದ್ದಾರಿ 50ರ ಮಗ್ಗುಲಲ್ಲಿವೆ. ಚಿತ್ರದುರ್ಗ, ಹೊಸಪೇಟೆಗಳ ನಡುವಿನ ಈ ನಾಲ್ಕು ಪಥದ ದಾರಿಯಲ್ಲಿ ಹಗಲಿರುಳೂ ವಾಹನಗಳು ಧಾವಿಸುತ್ತವೆ. ಹೊರಗಿನವರು ನೋಡಿ, ಇವರಿಗೇನು ಕೊರತೆ ಎಂದಾರು. ಆದರೆ ವೇಗದ ಬಸ್ಸು ಎಲ್ಲ ಊರುಗಳಲ್ಲೂ ನಿಲ್ಲುವುದಿಲ್ಲ. ನಿಲ್ಲದ ಬಸ್ಸು ಊರಿನವರ ಪಾಲಿಗೆ ಬರಿಯ ಧೂಳು. ಎಲ್ಲ ನಿಲ್ದಾಣಗಳಲ್ಲೂ ನಿಂತು ಜನರನ್ನು ಹತ್ತಿಸಿಕೊಳ್ಳುವ ಸಾದಾ ಬಸ್ಸು, ಪ್ಯಾಸೆಂಜರ್ ಗಾಡಿಗಳು ನಿಧಾನವಾದರೂ ಹಳ್ಳಿ ಪಟ್ಟಣಗಳ ನಿಜವಾದ ಬಂಧುಗಳು.

ಮರಳುವ ಬಸ್ಸಿನ ಬೆಲೆ

ಸಂಜೆಯ ಬಸ್ಸೊಂದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹೆಣ್ಣುಮಕ್ಕಳ ತಂದೆತಾಯಿಗಳು ಬಲ್ಲರು. ಕೊಟ್ಟೂರೇಶ್ವರ ಮಹಾವಿದ್ಯಾಲಯದಂಥ ಸಂಸ್ಥೆ ಊರಿನಲ್ಲಿರುವುದರಿಂದ ಸುತ್ತಲ ಹಳ್ಳಿಗಳ ಮಕ್ಕಳು ಇಲ್ಲಿಗೆ ಬರುತ್ತಾರೆ; ಇಲ್ಲಿಯವರು ಹೆಚ್ಚಿನ ಓದಿಗೆ ಹೊಸಪೇಟೆಗೋ ದಾವಣಗೆರೆಗೋ ಹೋಗುತ್ತಾರೆ. ತರಗತಿ ಮುಗಿದ ಮೇಲೆ ಮನೆ ಸೇರಲು ಬಸ್ಸಿದ್ದರೆ ಹುಡುಗಿಯ ಓದು ಮುಂದುವರಿಯುತ್ತದೆ. ಇಲ್ಲದಿದ್ದರೆ ವಸತಿನಿಲಯದ ಖರ್ಚು, ಅದಕ್ಕೆ ಶಕ್ತಿಯಿಲ್ಲದಿದ್ದರೆ ಓದಿಗೇ ವಿರಾಮ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾದಾ ಬಸ್ಸುಗಳಲ್ಲಿ ಟಿಕೆಟ್ಟಿನ ಹೊರೆ ಇಳಿಯಿತು. ಟಿಕೆಟ್ಟಿನ ಚಿಂತೆ ನೀಗಿದೆಯಾದರೂ ವೇಳೆಯ ಚಿಂತೆ ನೀಗಿಲ್ಲ.

ವೃದ್ಧರ ಮಾತೂ ಇದೇ. ಮಗ ಹೊಸಪೇಟೆಯಲ್ಲಿ ದುಡಿದು ರಾತ್ರಿ ಊಟಕ್ಕೆ ಮನೆಗೆ ಬರುವಂತಿದ್ದರೆ ಓಣಿಯಲ್ಲಿ ದೀಪ ಉರಿಯುತ್ತದೆ, ಪೂಜೆಯ ಹೊತ್ತಿಗೆ ಮನೆಮಂದಿ ಕೂಡುತ್ತಾರೆ. ಬರುವ ದಾರಿ ಕಷ್ಟವಾದರೆ ಅವನು ಅಲ್ಲಿಯೇ ಕೋಣೆ ಹಿಡಿಯುತ್ತಾನೆ. ಕ್ರಮೇಣ ಸಂಸಾರವನ್ನೂ ಕರೆದೊಯ್ಯುತ್ತಾನೆ. ಮನೆಗೆ ಬೀಗ ಬೀಳುತ್ತದೆ, ಇಲ್ಲವೇ ಇಬ್ಬರು ಮುದುಕರು ಉಳಿಯುತ್ತಾರೆ. ಒಂದೇ ರಸ್ತೆ ಊರನ್ನು ಬೆಳೆಸಲೂಬಲ್ಲದು, ಬರಿದು ಮಾಡಲೂಬಲ್ಲದು.

ನಮ್ಮ ಪಾಲಿನ ಕಾರ್ಯ

ಆದುದರಿಂದ ಸಣ್ಣ ಪಟ್ಟಣಗಳ ಗೃಹಸ್ಥರು ಮಾಡಬಹುದಾದ ಕೆಲವು ಕಾರ್ಯಗಳಿವೆ. ರೈಲು, ಸಾದಾ ಬಸ್ಸುಗಳನ್ನು ಬಳಸುವುದು ಮೊದಲನೆಯದು; ಜನರಿಲ್ಲದ ಗಾಡಿ ಹೆಚ್ಚು ಕಾಲ ಓಡದು. ಎರಡನೆಯದು, ಹೊಸ ಗಾಡಿ ಬೇಕೆಂದು ಕೇಳುವಾಗ ವಿದ್ಯಾರ್ಥಿಗಳ, ಕೂಲಿಕಾರರ, ರೋಗಿಗಳ ಹೊತ್ತುಗೊತ್ತುಗಳನ್ನು ಬರೆದು ಕೊಡುವುದು. ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು, ಸಂಜೆ ಎಷ್ಟಕ್ಕೆ ಮರಳಬೇಕು ಎಂದು ಓಣಿಯ ಹತ್ತು ಮನೆಗಳವರು ಕುಳಿತು ಪಟ್ಟಿ ಮಾಡಿದರೆ ಆ ಮನವಿಗೆ ತೂಕ ಹೆಚ್ಚು. ಮೂರನೆಯದು, ಓಣಿಯನ್ನು ನಡೆಯುವವರಿಗೆ ಬಿಟ್ಟುಕೊಡುವುದು. ಕಟ್ಟೆಯ ಮುಂದೆ ಕಾರು, ಬೈಕುಗಳನ್ನು ನಿಲ್ಲಿಸುತ್ತ ಹೋದರೆ ವೃದ್ಧರಿಗೂ ಮಕ್ಕಳಿಗೂ ಕಾಲಿಡಲು ಜಾಗವಿಲ್ಲದಾಗುತ್ತದೆ. ಕಾಲು ಗಂಟೆಯಲ್ಲಿ ನಡೆದು ಮುಗಿಯುವ ಊರೆಂಬ ಭಾಗ್ಯವನ್ನು ನಾವೇ ಕೈಯಾರೆ ಕಳೆದುಕೊಂಡಂತಾಗುತ್ತದೆ.

ಕಾಯಕಕ್ಕಾಗಿ ಹೊರಗೆ ಹೋಗುವುದು ಅನಿವಾರ್ಯ. ಅದು ತಪ್ಪೂ ಅಲ್ಲ. ಹೋದವರಿಗೆ ಮರಳುವ ದಾರಿ ಸುಗಮವಾಗಿದ್ದರೆ ಸಂಸಾರ ಒಡೆಯದೆ ಸಂಪಾದನೆ ಸಾಧ್ಯ. ಮನೆ ನೋಡಲು ಹೋದಾಗ ಬಸ್ ನಿಲ್ದಾಣ ಎಷ್ಟು ದೂರವೆಂದು ಅವಶ್ಯವಾಗಿ ಕೇಳೋಣ. ಅದರೊಡನೆ, ಸಂಜೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಬರುತ್ತದೆಂದೂ ಕೇಳೋಣ.