ಠಾಣೆಯ ಪಾರ್ಕಿಂಗ್‌ನಲ್ಲಿ ಬಾಸ್ಕೆಟ್‌ಬಾಲ್

ದೂರಿಲ್ಲ, ಕೇಸಿಲ್ಲ.
ಸುಮ್ಮನೆ ಒಂದು ಸಂಜೆ ಪೊಲೀಸ್ ಠಾಣೆಗೆ ಹೋಗ್ತೀರಾ?
ಆಡೋಕೆ? ಮರದ ಕೆಳಗೆ ಕೂರೋಕೆ?

ಅಮೆರಿಕದ ಶಿಕಾಗೋ ನಗರ.
2015ರಲ್ಲಿ ಜೀನ್ ಗ್ಯಾಂಗ್ ಅನ್ನೋ ವಾಸ್ತುಶಿಲ್ಪಿ
ಇಂಥದೇ ಒಂದು ಠಾಣೆಯ ಕಲ್ಪನೆ ಮುಂದಿಟ್ರು.
ಅವರ ತಂಡ ನಾರ್ತ್ ಲಾನ್‌ಡೇಲ್ ಬಡಾವಣೆಯ ಜನರನ್ನೂ ಮಾತಾಡಿಸ್ತು,
ಪೊಲೀಸರನ್ನೂ ಮಾತಾಡಿಸ್ತು.

ಆ ಠಾಣೆ ಹೇಗಿರುತ್ತೆ ಗೊತ್ತಾ?
ನಮ್ಮೂರ ಅರಳೀಕಟ್ಟೆ ಥರ.
ಕಟ್ಟೆ ಮೇಲೆ ಕೂತವರನ್ನ
"ಯಾಕೆ ಬಂದೆ?" ಅಂತ ಯಾರೂ ಕೇಳಲ್ಲ.
ಸುತ್ತ ಹಸಿರು. ಆಟದ ಜಾಗ.
ಪೊಲೀಸರೂ ಅಲ್ಲೇ, ಬಡಾವಣೆಯವರೂ ಅಲ್ಲೇ.

ಇಡೀ ಠಾಣೆ ಕಟ್ಟೋದು ದೊಡ್ಡ ಖರ್ಚು.
ಹಾಗಾಗಿ ಚಿಕ್ಕದಾಗಿ ಶುರು ಮಾಡಿದ್ರು.
ಅಲ್ಲಿದ್ದ ಠಾಣೆಯ ಪಾರ್ಕಿಂಗ್ ಜಾಗದಲ್ಲಿ ಒಂದಿಷ್ಟು ಬಿಡಿಸಿ,
ಅರ್ಧ ಬಾಸ್ಕೆಟ್‌ಬಾಲ್ ಅಂಕಣ.
ಬಡಾವಣೆಯ ಮಕ್ಕಳಿಗಾಗಿ!

ನನಗೆ ತುಂಬಾ ಹಿಡಿಸಿದ್ದು ಆ ಜಾಗದ ಆಯ್ಕೆ.
ದೂರದ ಯಾವುದೋ ಪಾರ್ಕಲ್ಲ,
ಠಾಣೆಯ ಸ್ವಂತ ಅಂಗಳ.

ಅಂಕಣ ಒಂದರಿಂದಲೇ ಠಾಣೆಯ ಭಯ ಹೋಗಲ್ಲ.
ಒಳಗೆ ಕೂತವರ ನಡತೆಯೂ ಬದಲಾಗಬೇಕು.
ಆದ್ರೆ ಒಳಗೆ ಬರೋಕೇ ಹೆದರೋರಿಗೆ ಆ ಬದಲಾವಣೆ ಕಾಣೋದಾದ್ರೂ ಹೇಗೆ?

ನಮ್ಮಲ್ಲಿ ಎಷ್ಟೋ ಠಾಣೆಗಳ ಮುಂದೆ
ಜಪ್ತಿಯಾದ ಬೈಕುಗಳು ತುಕ್ಕು ಹಿಡೀತಾ ನಿಂತಿವೆ.
ಅವನ್ನ ಬೇಗ ವಿಲೇವಾರಿ ಮಾಡಿದ್ರೆ,
ಅಷ್ಟು ಜಾಗದಲ್ಲಿ ಎರಡು ಹೊಂಗೆ ಮರ,
ನಾಲ್ಕು ಕಲ್ಲುಬೆಂಚು, ಕುಡಿಯೋ ನೀರಿನ ನಲ್ಲಿ,
ಇಷ್ಟನ್ನ ಈ ವರ್ಷವೇ ಮಾಡಬಹುದು.