ಚೆನ್ನಾಗಿರುವವರಿಗೂ ಮಾತ್ರೆ

"ಅಲ್ಲ ಸಿಸ್ಟರ್, ಆಡ್ಕೊಂಡು ತಿನ್ಕೊಂಡು ಚೆನ್ನಾಗಿರೋ ಮಗೂಗೆ ಮಾತ್ರೆ ಯಾಕೆ?"

ಅಜ್ಜಿಯ ಈ ಪ್ರಶ್ನೆಗೆ ಉತ್ತರ ಕೊಡುವುದೇ ಉಪಕೇಂದ್ರದಲ್ಲಿ ನನ್ನ ಕೆಲಸದ ಮುಕ್ಕಾಲು ಪಾಲು. ಟಿ.ಬಿ. ಬಂದಿರುವುದು ಆಕೆಯ ಮಗನಿಗೆ. ಕೆಮ್ಮಿ ಕೆಮ್ಮಿ ಸಾಕಾದ ಅವನು ಆರು ತಿಂಗಳ ಔಷಧಿಗೆ ತಕರಾರಿಲ್ಲದೆ ಒಪ್ಪಿದ. ಕೆಮ್ಮೇ ಇಲ್ಲದವರನ್ನು ಒಪ್ಪಿಸುವುದು ಕಷ್ಟ.

ರೋಗಾಣು ಮೈಗೆ ಹೊಕ್ಕರೂ ಹೆಚ್ಚಿನವರಲ್ಲಿ ಬೂದಿ ಮುಚ್ಚಿದ ಕೆಂಡದ ಹಾಗೆ ಸುಮ್ಮನಿರುತ್ತದೆ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮುಂದೆಂದಾದರೂ ಕಾಯಿಲೆಯಾಗುತ್ತದೆ, ಅದೂ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿ.ಸಿ.ಜಿ. ಮಿದುಳಿಗೇರುವಂಥ ಟಿ.ಬಿ.ಯನ್ನು ತಡೆಯಲು ನೆರವಾಗುತ್ತದೆ, ಅದೊಂದೇ ಸಾಲದು.

ಹಾಗಂತ ಮಾತ್ರೆ ಕೈಗಿಟ್ಟು ಬರುವ ಹಾಗಿಲ್ಲ. ಕೆಮ್ಮಿದೆಯಾ, ಸಂಜೆ ಜ್ವರ ಬರುತ್ತಾ, ತೂಕ ಇಳಿದಿದೆಯಾ ಎಂದು ಮನೆಯ ಪ್ರತಿಯೊಬ್ಬರನ್ನೂ ಕೇಳಬೇಕು. ಕಾಯಿಲೆ ಆಗಲೇ ಶುರುವಾದವರಿಗೆ ಈ ಮಾತ್ರೆಯಷ್ಟೇ ಕೊಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ಅನುಮಾನ ಬಂದರೆ ಎಕ್ಸ್‌ರೇ, ಕಫ ಪರೀಕ್ಷೆ. ಡಬ್ಬಿಯಲ್ಲಿ ಎಂಜಲು ತಂದರೆ ಉಪಯೋಗವಿಲ್ಲ. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಮನೆಯಿಂದಾಚೆ ನಿಂತು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಹೇಗೆಂದು ನಾನೇ ಕೆಮ್ಮಿ ತೋರಿಸುತ್ತೇನೆ. ನಗುತ್ತಾರೆ, ನಗಲಿ.

ಉಳಿದವರಿಗೆ ತೂಕ ನೋಡಿ ವಾರಕ್ಕೊಮ್ಮೆಯಂತೆ 12 ವಾರ, ಇಲ್ಲವೇ ದಿನವೂ ಐಸೋನಿಯಾಜಿಡ್, ಆರು ತಿಂಗಳು. ವಾರದ ಮಾತ್ರೆ ನುಂಗಿದರೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ; ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆಯೆಂದು ಹೆದರಿ ಅಂದೇ ಬಿಟ್ಟುಬಿಡುತ್ತಾರೆ. ವಾಂತಿಯಾದರೆ, ಕಣ್ಣು ಹಳದಿಯಾದರೆ ನಿಲ್ಲಿಸಿ ಫೋನ್ ಮಾಡಿ ಎನ್ನುತ್ತೇನೆ. ಕುಡಿಯುವವರಿಗೆ ಇದನ್ನು ಎರಡೆರಡು ಸಲ ಹೇಳಬೇಕು.

ಆ ಮನೆಯಲ್ಲಿ ಮಗನ ತಟ್ಟೆ, ಲೋಟ ಬೇರೆ ಇಟ್ಟಿದ್ದರು, ಕಿಟಕಿ ಮುಚ್ಚಿತ್ತು! ಕ್ಷಯ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ರೋಗಿಯನ್ನು ದೂರವಿಡುವ ಕಾಲವೂ ಹೋಯಿತು. 1950ರ ದಶಕದಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನದಲ್ಲಿ, ಮನೆಯಲ್ಲೇ ಔಷಧಿ ಪಡೆದವರೂ ಸ್ಯಾನಿಟೋರಿಯಂನಲ್ಲಿದ್ದವರ ಹಾಗೆಯೇ ಗುಣವಾದರು. ಮನೆಯವರಿಗೆ ಅದರಿಂದ ಅಪಾಯವೇನೂ ಹೆಚ್ಚಲಿಲ್ಲ.

ಇನ್ನು ಊಟ. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೂ ಪ್ರತಿ ತಿಂಗಳು ಅಕ್ಕಿ, ತೊಗರಿಬೇಳೆ ಕೊಟ್ಟು ನೋಡಿದರು. ಹೊಸದಾಗಿ ಟಿ.ಬಿ. ಬರುವುದು ಶೇ. 39ರಷ್ಟು ಇಳಿಯಿತೆಂದು 2023ರಲ್ಲಿ ಪ್ರಕಟವಾಯಿತು. ಸರ್ಕಾರ ಪೋಷಣೆಗೆಂದು ರೋಗಿಗೆ ತಿಂಗಳಿಗೆ 1000 ರೂಪಾಯಿ ಕೊಡುತ್ತದೆ. ಒಂದೇ ಒಲೆಯ ಮನೆಯಲ್ಲಿ ಅದು ಅವನೊಬ್ಬನ ಹೊಟ್ಟೆಗೆ ಹೋಗುವುದಿಲ್ಲ. ಹೋಗಬೇಕೆಂದು ನಾನೂ ಒತ್ತಾಯ ಮಾಡುವುದಿಲ್ಲ.